ಪದಚರ್ಚೆ: ‘ಡೈಪರ್ ಬ್ಯಾಗ್’ಗೆ ಫಲಕದ ಮೇಲೆ ಏನು ಬರೆಯೋಣ? (ತುರ್ತು)

ಬಲ್ಲವರಿಗೆ ನಮಸ್ಕಾರ.

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಮಕ್ಕಳ ಸಾಮಾನಿನ ಅಂಗಡಿಯೊಂದಕ್ಕೆ ಫಲಕ, ಬೆಲೆಚೀಟಿ ಮತ್ತು ಒಂದು ಪುಟದ ಬಳಕೆ ಸೂಚನೆ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ಕನ್ನಡ ಭಾಷಾ ಕಾಯ್ದೆಗೆ 2024ರ ತಿದ್ದುಪಡಿ ಬಂದ ಮೇಲೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು. ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆದು ಲೆಕ್ಕ ಚುಕ್ತಾ ಮಾಡಲು ನನಗೆ ಮನಸ್ಸಿಲ್ಲ, ಅಂಗಡಿಯವರಿಗೂ ಇಲ್ಲ. ಉಳಿದದ್ದೆಲ್ಲ ಆಯಿತು, ‘ಸ್ಟೈಲಿಶ್ ಕಾಂಪ್ಯಾಕ್ಟ್ ಡೈಪರ್ ಬ್ಯಾಗ್’ ಅನ್ನುವಲ್ಲಿ ನಿಂತಿದ್ದೇನೆ.

ವಸ್ತು ಹೀಗಿದೆ: ಹೆಗಲಿಗೆ ಅಡ್ಡ ಹಾಕಿಕೊಳ್ಳುವ ಪಟ್ಟಿ. ಬಾಯಿ ಅಗಲವಾಗಿ ತೆರೆಯುತ್ತದೆ. ನಾಲ್ಕೈದು ಡೈಪರ್, ವೈಪ್ಸ್, ಮಡಚಿಟ್ಟ ಹಾಸು, ಒಂದು ಜೊತೆ ಬಟ್ಟೆ ಹಿಡಿಯುತ್ತದೆ. ಬಾಟಲಿಗೆ ಬಿಸಿ ಆರದಂಥ ಜೇಬು, ಒದ್ದೆ ಬಟ್ಟೆಗೆ ಸೋರದ ಬೇರೆ ಪದರ. ಹೊರಗಿನಿಂದ ನೋಡಿದರೆ ಹೆಂಗಸರ ಚೆಂದದ ವ್ಯಾನಿಟಿ ಬ್ಯಾಗು, ಅಷ್ಟೆ. ‘ಶಿಶುಚೀಲ’ ಅಂದರೆ ಮಗುವನ್ನೇ ಚೀಲದಲ್ಲಿ ಹಾಕಿದ ಹಾಗಾಗುತ್ತದೆ. ‘ಮಗುಚೀಲ’ಕ್ಕೂ ಅದೇ ತೊಡಕು. ದಾರಿ ತೋರಿಸಿ.

— ತುಮಕೂರಿನಿಂದ

---

ಬಗಲುಚೀಲ. ಅಚ್ಚಗನ್ನಡ, ಎಲ್ಲರಿಗೂ ತಿಳಿಯುತ್ತದೆ. ಡೈಪರ್ ಅನ್ನು ಹೆಸರಿನೊಳಗೆ ಎಳೆದು ತರುವ ಅಗತ್ಯವೇ ಇಲ್ಲ. ಇಂಥದಕ್ಕೂ ಚರ್ಚೆ ಬೇಕೇ?

— ಚಿಕ್ಕಬಳ್ಳಾಪುರದಿಂದ

---

‘ಬಗಲು’ ಅಚ್ಚಗನ್ನಡವಲ್ಲ ಮೇಷ್ಟ್ರೇ, ಪಾರಸಿ. ನಮ್ಮದು ಕಂಕುಳು, ಹೆಗಲು. ‘ಹೆಗಲ್’ನ ಹಿಂದೆ ಹಳಗನ್ನಡದ ‘ಪೆಗಲ್’ ಇದೆ. ಕೇಳಿದವರು ವಿವರದಲ್ಲಿ ‘ಜೇಬು’ ಅಂದಿದ್ದಾರಲ್ಲ, ಅದು ಅರಬ್ಬಿಯದು. ಕೂಸಿಗೆ ಹಾಕುವ ಕುಲಾವಿಯೂ ಪಾರಸಿಯ ‘ಕುಲಾ’ದಿಂದ ಬಂದದ್ದು. ನಾನು ಯಾವುದನ್ನೂ ಹೊರಗೆ ಹಾಕಿ ಅನ್ನುತ್ತಿಲ್ಲ. ಎರವಲನ್ನು ಅಚ್ಚಗನ್ನಡ ಎಂದು ಸಾಧಿಸಬೇಡಿ ಅನ್ನುತ್ತಿದ್ದೇನೆ.

ನನ್ನ ಸಲಹೆ ‘ಸಂಚಿ’. ಎಲೆಅಡಿಕೆ ಸಂಚಿ ಕಂಡವರಿಗೆ ವಿವರಿಸಬೇಕಾಗಿಲ್ಲ. ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೆ ಬೇರೆ ಅರೆ, ಮೇಲೆ ದಾರ ಎಳೆದರೆ ಬಾಯಿ ಮುಚ್ಚಿತು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ದಿನವಿಡೀ ತಿರುಗಬಹುದು. ಈ ಹೊಸ ಬ್ಯಾಗಿನ ಗುಣವೆಲ್ಲ ಅದರಲ್ಲೇ ಇದೆ: ಚಿಕ್ಕದು, ಅರೆಗಳಿರುವುದು, ಮೈಗೆ ಅಂಟಿಕೊಂಡಿರುವುದು. ‘ಚೀಲ’ ಅಂದರೆ ಅಕ್ಕಿಯೂ ರಾಗಿಯೂ ಕಣ್ಣಿಗೆ ಬರುತ್ತದೆ, ಅರೆಗಳು ಬರುವುದಿಲ್ಲ.

— ಕೋಲಾರದಿಂದ

---

ಸಂಚಿ ತೆಲುಗಿನದು. ನಿಮ್ಮ ಸೀಮೆಯಲ್ಲಿ ಮನೆಮಾತು ತೆಲುಗು ಇರುವವರು ತರಕಾರಿ ಚೀಲಕ್ಕೂ ಸಂಚಿ ಅನ್ನುತ್ತಾರೆ. ಅದನ್ನು ತುಮಕೂರಿನ ಫಲಕಕ್ಕೆ ಹೇರಬೇಡಿ. ಇನ್ನು ‘ಡೈಪರ್ ಸಂಚಿ’ ಎಂದು ಜೋಡಿಸಿದರೆ ಅರಿಸಮಾಸ, ಬೇರೆ ಬೇರೆ ಭಾಷೆಯ ಪದಗಳನ್ನು ಬೆಸೆದ ದೋಷ. ಒಪ್ಪಲಾರೆ.

— ಚಿಕ್ಕಬಳ್ಳಾಪುರದಿಂದ

---

ಎರಡು ಭಾಷೆಯಲ್ಲೂ ಇರುವ ಪದ ಒಂದರದ್ದೇ ಆಸ್ತಿ ಆಗುವುದು ಹೇಗೆ? 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೆಣ್ಣುಮಗಳು ಕವಿಯಾದಳು. ಕನ್ನಡಿಗರು ಇಂದಿಗೂ ಆಕೆಯನ್ನು ಸಂಚಿ ಹೊನ್ನಮ್ಮ ಎಂದೇ ಕರೆಯುತ್ತಾರೆ. ಆಕೆಯ ಹೆಸರಿನಲ್ಲಿರುವ ಪದ ನಮ್ಮದಲ್ಲವೇ? ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಎರಡೂ ಭಾಷೆ ಒಂದೇ ಜಗಲಿಯ ಮೇಲೆ ಕೂತು ಮಾತಾಡುತ್ತವೆ. ನಮ್ಮ ಕನ್ನಡ ಅದರಿಂದ ಬಡವಾಗಿಲ್ಲ.

ಅರಿಸಮಾಸದ ಮಾತು: ಬಿರುದಾವಳಿಗೂ ಹಿಂದಿನವರು ಬಳಸಿದ್ದಕ್ಕೂ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಒಪ್ಪಿಗೆ ಕೊಟ್ಟಿದ್ದಾನೆ. ಅವನ ತಕರಾರು ಸಂಸ್ಕೃತದೊಂದಿಗೆ ಕನ್ನಡ ಬೆರೆಸುವುದರ ಬಗ್ಗೆ. ‘ಬಸ್ಸು ನಿಲ್ದಾಣ’ ದಿನವೂ ಓದುವ ನೀವು ‘ಡೈಪರ್ ಸಂಚಿ’ಗೆ ಅವನನ್ನು ಕರೆಯುವುದು ಸರಿಯಲ್ಲ.

— ಕೋಲಾರದಿಂದ

---

ಕೂಸು ಎತ್ತಿಕೊಂಡು ಓಡಾಡುವವಳು ಬರೆಯುತ್ತಿದ್ದೇನೆ. ‘ಡೈಪರ್’ ತೆಗೆಯಬೇಡಿ. ‘ಲಂಗೋಟಿ’ ಅಂದರೆ ನಮ್ಮತ್ತೆಗೆ ಹಳೆ ಪಂಚೆ ಹರಿದು ಕಟ್ಟುವ ಬಟ್ಟೆ, ಎಸೆಯುವ ಡೈಪರ್ ಅಲ್ಲ. ಎರಡೂ ಬಳಸುವ ಮನೆಗಳಿವೆ, ಎರಡಕ್ಕೂ ಬೇರೆ ಹೆಸರು ಬೇಕು. ಅಂದಹಾಗೆ ಡೈಪರ್ ಅನ್ನುವುದು ಇಂಗ್ಲಿಷಿನಲ್ಲೂ ಮೊದಲಿಗೆ ಸಣ್ಣ ವಜ್ರದಾಕಾರದ ನೇಯ್ಗೆಯ ಬಟ್ಟೆಯ ಹೆಸರು. ಗ್ರೀಕಿನಿಂದ ಹೊರಟು ಲ್ಯಾಟಿನ್, ಫ್ರೆಂಚ್ ದಾಟಿ ಅಲ್ಲಿಗೆ ಬಂದದ್ದು.

ಬಳಕೆ ಸೂಚನೆಯಲ್ಲಿ ಇವನ್ನು ಮರೆಯದೆ ಹಾಕಿ ಅಣ್ಣ. ಹೊರಗಿರುವ ಪ್ರತಿ ಎರಡು-ಮೂರು ಗಂಟೆಗೆ ಒಂದು ಡೈಪರ್, ಮೇಲೊಂದೆರಡು ಹೆಚ್ಚಿಗೆ. ಒಳಪದರ ತಿಳಿಬಣ್ಣದ್ದಾಗಿದ್ದರೆ ಬಸ್ಸಿನ ಮಬ್ಬುಬೆಳಕಲ್ಲೂ ಬಾಟಲಿ ಮುಚ್ಚಳ ಕಾಣುತ್ತದೆ, ಒರೆಸಿದರೆ ಕೊಳೆ ಹೋಗುವಂಥದೂ ಆಗಿರಬೇಕು. ಕೊಳ್ಳುವಾಗ ಒಂದು ಕೈಯಲ್ಲಿ ಮಗು ಇಟ್ಟುಕೊಂಡು ಇನ್ನೊಂದರಲ್ಲಿ ಜಿಪ್ ಎಳೆದು ನೋಡಿ, ಎರಡು ಕೈ ಬೇಕಾದರೆ ಆ ಬ್ಯಾಗು ಬೇಡ. ಪಟ್ಟಿ ಅಗಲವಾಗಿರಲಿ, ಸಣ್ಣದು ಕತ್ತಿನ ಬಳಿ ಕುಯ್ಯುತ್ತದೆ. ತಳ್ಳುಗಾಡಿಯ ಹಿಡಿಗೆ ಭಾರದ ಬ್ಯಾಗು ತೂಗುಹಾಕಬಾರದು, ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಇದನ್ನು ದಪ್ಪಕ್ಷರದಲ್ಲಿ ಹಾಕಿ.

— ಚಿಂತಾಮಣಿಯಿಂದ

---

ಅಕ್ಕ, ಇವೆಲ್ಲವನ್ನೂ ಹಾಗೇ ಸೇರಿಸುತ್ತೇನೆ, ಉಪಕಾರವಾಯಿತು. ‘ಡೈಪರ್ ಸಂಚಿ’ ಎಂದು ನಿರ್ಧರಿಸಿದೆ. ‘ಕಾಂಪ್ಯಾಕ್ಟ್’ಗೆ ‘ಅಡಕ’ ಹಾಕಲೇ? ‘ಅಚ್ಚುಕಟ್ಟಾದ’ ಅನ್ನಲೇ?

— ತುಮಕೂರಿನಿಂದ

---

‘ಅಡಕ’ ಸಿ.ಡಿ.ಗೆ ಅಡಕಮುದ್ರಿಕೆ ಅಂದ ಕಾಲದ ಪದ, ಮಾತಿನಲ್ಲಿ ನಿಲ್ಲಲಿಲ್ಲ. ‘ಅಚ್ಚುಕಟ್ಟು’ ನಮ್ಮ ಕಡೆ ಕೆರೆಯ ಕೆಳಗಿನ ಗದ್ದೆ. ಆದರೂ ‘ಅಚ್ಚುಕಟ್ಟಾದ’ ಅಂದಾಗ ಗದ್ದೆ ಯಾರ ಮನಸ್ಸಿಗೂ ಬರುವುದಿಲ್ಲ, ಹಾಕಬಹುದು. ಆದರೆ ಅದು ಓರಣವನ್ನು ಹೇಳುತ್ತದೆ, ಗಾತ್ರವನ್ನಲ್ಲ. ಗಾತ್ರಕ್ಕೆ ‘ಪುಟ್ಟ’ ಸಾಕು. ಸ್ಟೈಲಿಶ್‌ಗೆ ‘ಸೊಗಸಾದ’. ಅಲ್ಲಿಗೆ ‘ಸೊಗಸಾದ ಪುಟ್ಟ ಡೈಪರ್ ಸಂಚಿ’. ಬೆಲೆಚೀಟಿಯಲ್ಲಿ ಜಾಗ ಇಲ್ಲದಿದ್ದರೆ ‘ಸೊಗಸಾದ’ ಬಿಡಿ, ಸೊಗಸು ಕಣ್ಣಿಗೇ ಕಾಣುತ್ತದೆ. ‘ಪುಟ್ಟ’ ಬಿಡಬೇಡಿ.

— ಕೋಲಾರದಿಂದ

---

ಪುಟ್ಟ, ಸೊಗಸು ಎರಡೂ ಸರಿ. ಡೈಪರ್‌ಗೆ ನನ್ನ ಒಪ್ಪಿಗೆ ಇಲ್ಲ, ದಾಖಲಾಗಲಿ. ಇವತ್ತು ಡೈಪರ್, ನಾಳೆ ವೈಪ್ಸ್, ನಾಡಿದ್ದು ಇಡೀ ಅಂಗಡಿ. ವೈಪ್ಸ್‌ಗಾದರೂ ‘ಒರೆಸುಬಟ್ಟೆ’ ಬರೆಯಿರಿ.

— ಚಿಕ್ಕಬಳ್ಳಾಪುರದಿಂದ

---

ಒರೆಸುಬಟ್ಟೆ ಅಂದರೆ ನಮ್ಮಲ್ಲಿ ನೆಲ ಒರೆಸುವುದು. ಅದನ್ನು ಮಗುವಿನ ಮೈಗೆ ಮುಟ್ಟಿಸಿ ಎಂದು ಬರೆಸಬೇಡಿ.

— ಚಿಂತಾಮಣಿಯಿಂದ

---

‘ಒದ್ದೆ ಒರಸು’ ಎಂದು ಹಾಕಿ ಕಳಿಸುತ್ತಿದ್ದೇನೆ. ಆಕ್ಷೇಪಣೆ ಇದ್ದವರು ನಾಳೆ ಹತ್ತು ಗಂಟೆಯೊಳಗೆ ತಿಳಿಸಿ, ಆಮೇಲೆ ಅಚ್ಚಿನವರು ಒಪ್ಪುವುದಿಲ್ಲ.

— ತುಮಕೂರಿನಿಂದ