ಪದಚರ್ಚೆ: ಸೀಲ್ ತೆಗೆದ ಬಾಟಲಿಯ ‘ಎಸೆಯುವ ದಿನ’ಕ್ಕೆ ಏನನ್ನೋಣ?

ಪ್ರಶ್ನೆ: ಹಿರಿಯರ ಆರೈಕೆ ಕೇಂದ್ರಕ್ಕೆ ಔಷಧಿ ಲೇಬಲ್ ಬರೆದುಕೊಡ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಕಣ್ಣಿನ ಡ್ರಾಪ್ಸ್ ಬಾಟಲಿಗೆ ಎರಡು ದಿನಾಂಕ ಬೇಕು. ಸೀಲ್ ತೆಗೆದದ್ದು ಯಾವತ್ತು, ಎಲ್ಲಿಯವರೆಗೆ ಬಳಸಬಹುದು (ಸಾಮಾನ್ಯವಾಗಿ 28 ದಿನ). ಕಂಪನಿ ಹಾಕಿದ ಎಕ್ಸ್‌ಪೈರಿ ಬೇರೆ, ಅದು ಸೀಲ್ ತೆಗೆಯದ ಬಾಟಲಿಗೆ. ಹಾಗಾಗಿ ‘ಅವಧಿ’ ಅಂದರೆ ಗಲಿಬಿಲಿ. ಹಳೇ ಲೇಬಲ್‌ನಲ್ಲಿ ‘ವಿಸರ್ಜನಾ ದಿನಾಂಕ’ ಅಂತಿದೆ. ರಾತ್ರಿ ಪಾಳಿಯ ಆಯಾ ಓದಿ ಮುಸಿಮುಸಿ ನಕ್ಕರು. ಚಿಕ್ಕ ಪದ ಕೊಡಿ, ಲೇಬಲ್ ಎರಡು ಬೆರಳಗಲ ಅಷ್ಟೆ.

ಉತ್ತರ 1: ಮೊದಲು ‘ಔಷಧಿ’ ತಿದ್ದಿ. ಓಷಧಿ ಅಂದರೆ ಗಿಡ. ಅದರಿಂದ ಆದದ್ದು ಔಷಧ. ನಿಮ್ಮದು ಎರಡೂ ಅಲ್ಲ.

ಉತ್ತರ 2: ಮದ್ದು ಇರುವಾಗ ಔಷಧ ಯಾಕೆ? ಲೇಬಲ್ ಯಾಕೆ, ಚೀಟಿ ಇಲ್ವಾ? ಫ್ರಿಜ್ಜಿಗೂ ತಂಗಳುಪೆಟ್ಟಿಗೆ ಅನ್ನಿ.

ಉತ್ತರ 3: ಚೀಟಿಯೂ ಸಾಲ ತಂದದ್ದೇ ಸ್ವಾಮಿ, ಚಿಟ್ಠಿಯಿಂದ. ಅದೂ ಅಲ್ಲದೆ ಚೀಟಿ ಅಂದರೆ ಡಾಕ್ಟರ್ ಬರೆದುಕೊಟ್ಟದ್ದು. ‘ಮದ್ದು ಹಾಕಿದ್ರು’ ಅಂದರೆ ಏನರ್ಥ ಅಂತ ಬಿಡಿಸಿ ಹೇಳಬೇಕಾ? ಇನ್ನು 2ರಿಂದ 8 ಡಿಗ್ರಿಯಲ್ಲಿ ಜೋಪಾನ ಮಾಡಿದ ಇನ್ಸುಲಿನ್ ‘ತಂಗಳುಪೆಟ್ಟಿಗೆಯದ್ದು’ ಅಂದರೆ ಯಾವ ಅಜ್ಜಿ ಚುಚ್ಚಿಸಿಕೊಳ್ತಾರೆ? ಕೇಳಿದ್ದಕ್ಕೆ ಉತ್ತರ: ‘ಬಳಸಲು ಕೊನೆಯ ದಿನ’. ‘ಮುನ್ನ ಬಳಸಿ’ ಬೇಡ, ಆ ದಿನ ಸೇರಿತೋ ಬಿಟ್ಟಿತೋ ತಿಳಿಯಲ್ಲ.

ಪ್ರಶ್ನೆ ಕೇಳಿದವರು: ಲೇಬಲ್‌ನಲ್ಲಿ ಮೊದಲ ಸಾಲು ಆ ಹಿರಿಯರ ಹೆಸರು, ಬಾಟಲಿ ಅದಲುಬದಲಾಗಬಾರದಲ್ಲ. ಅದರ ಕೆಳಗೇ ‘ಕೊನೆಯ ದಿನ’ ಅಂತ ತಾರೀಖು ಬರೆಯೋದಾ?

ಉತ್ತರ 3: ಅಯ್ಯೋ, ಬೇಡ ಬೇಡ. ‘ತೆರೆದದ್ದು: 3. 31ರ ನಂತರ ಬೇಡ.’ ಹೀಗೆ ಬರೀರಿ.

ಉತ್ತರ 2: ‘ನಂತರ’ ಸಂಸ್ಕೃತ.

ಉತ್ತರ 1: ‘ಅನಂತರ’ ಇರಬೇಕು. ‘ನಂತರ’ ಅನ್ನುವ ಪದವೇ ಇಲ್ಲ.

ಉತ್ತರ 3: ಇಬ್ಬರೂ ಸೇರಿ ಒಂದು ಬಾಟಲಿಗೆ ಲೇಬಲ್ ಅಂಟಿಸಿ ನೋಡಿ. ಬಾಟಲಿಗೇ ಅಂಟಿಸಿ, ರಟ್ಟಿನ ಡಬ್ಬಿಗಲ್ಲ. ಡಬ್ಬಿ ಕಸಕ್ಕೆ ಹೋಗುತ್ತೆ, ತಾರೀಖೂ ಜೊತೆಗೆ ಹೋಗುತ್ತೆ.

ಪ್ರಶ್ನೆ ಕೇಳಿದವರು: ‘31 ಆದಮೇಲೆ ಬೇಡ’ ಅಂತ ಹಾಕಿದೆ. ಆಯಾ ಒಂದೇ ಸಲಕ್ಕೆ ಓದಿದರು, ನಗಲಿಲ್ಲ. ‘ಔಷಧಿ’ ಹಾಗೇ ಇದೆ.