ಪಟ್ಟಿಯಲ್ಲಿ ವಿಶಿ ಯಾಕಿಲ್ಲ?

ಅಣ್ಣ: (ಫಾರ್ವರ್ಡ್) ಸರಾಸರಿ ಪ್ರಕಾರ ಭಾರತದ ಹತ್ತು ಶ್ರೇಷ್ಠ ಟೆಸ್ಟ್ ಬ್ಯಾಟ್ಸ್‌ಮನ್‌ಗಳು

ದೊಡ್ಡಪ್ಪ: ಎರಡು ಸಲ ಓದಿದೆ. ನಮ್ಮ ವಿಶಿ, ಗುಂಡಪ್ಪ ವಿಶ್ವನಾಥ್ ಹೆಸರೇ ಇಲ್ಲ. ಯಾರಪ್ಪ ಇದನ್ನು ಮಾಡಿದ್ದು?

ಅಣ್ಣ: ಲೆಕ್ಕ ಅಷ್ಟೇ ದೊಡ್ಡಪ್ಪ. ವಿಶಿಯದು 91 ಟೆಸ್ಟ್, 6080 ರನ್, ಸರಾಸರಿ 41.93. ಗವಾಸ್ಕರ್ 51, ದ್ರಾವಿಡ್ 52. ನಮ್ಮ ಕಡೆಯವರು ಅಂತ ಸೇರಿಸೋಕೆ ಆಗಲ್ಲ ಅಲ್ವಾ?

ದೊಡ್ಡಪ್ಪ: ಭದ್ರಾವತಿಯಲ್ಲಿ ಹುಟ್ಟಿದವರು ಅಂತ ಸೇರಿಸು ಅನ್ನುತ್ತಿಲ್ಲ. ರನ್ ಯಾವಾಗ ಬಂತು ನೋಡು. 1975ರ ಜನವರಿ, ಮದ್ರಾಸ್, ಎದುರಿಗೆ ವೆಸ್ಟ್ ಇಂಡೀಸ್. ಗವಾಸ್ಕರ್ ಗಾಯವಾಗಿ ಹೊರಗೆ. ಅವರ ವೇಗಿ ರಾಬರ್ಟ್ಸ್ 7 ವಿಕೆಟ್ ಕಿತ್ತರು. ತಂಡ 190ಕ್ಕೆ ಆಲೌಟ್, ಅದರಲ್ಲಿ ವಿಶಿಯದೇ 97. ನಮ್ಮ ರೇಡಿಯೊ ಬ್ಯಾಟರಿ ಇಳಿದಿತ್ತು. ನಾನು ಕಿವಿ ಒತ್ತಿ ಕೇಳಿ ಒಂದೊಂದೇ ರನ್ ನಿಮ್ಮಪ್ಪನಿಗೆ ಹೇಳುತ್ತಿದ್ದೆ. ಕೊನೆಗೆ ವಿಶಿ ಜೊತೆಗಿದ್ದವರು ಚಂದ್ರಶೇಖರ್. ಶತಕಕ್ಕೆ ಇನ್ನು ಮೂರೇ ರನ್. ಚಂದ್ರ ಔಟಾದರು. ಅದನ್ನು ನಿಮ್ಮಪ್ಪನಿಗೆ ಹೇಳೋಕೆ ಬಾಯಿ ಬರಲಿಲ್ಲ. ಆ ಪಂದ್ಯ 100 ರನ್ನಿನಿಂದ ಗೆದ್ದೆವು.

ಅಣ್ಣ: ಅದು ಒಂದು ಇನಿಂಗ್ಸ್.

ಅಕ್ಕ: ಒಂದೇ ಅಲ್ಲ ಕಣೋ. 1969ರಲ್ಲಿ ಕಾನ್ಪುರದಲ್ಲಿ ಅವರ ಮೊದಲ ಟೆಸ್ಟ್. ಸೊನ್ನೆಗೆ ಔಟಾಗಿ, ಎರಡನೇ ಇನಿಂಗ್ಸ್‌ನಲ್ಲಿ 137. ಒಟ್ಟು 14 ಶತಕ ಹೊಡೆದರು. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ.

ಚಿಕ್ಕಪ್ಪ: ಬ್ಯಾಟಿಂಗ್ ಒಪ್ಪಿದೆ. ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಜುಬಿಲಿ ಟೆಸ್ಟ್ ಮಾತ್ರ ನಾನು ಮರೆಯಲ್ಲ. 1980, ಬಾಂಬೆ. ವಿಶಿ ಕ್ಯಾಪ್ಟನ್. ಇಂಗ್ಲೆಂಡಿಗೆ 58 ರನ್ನಿಗೆ 5 ವಿಕೆಟ್ ಹೋಗಿತ್ತು. ಆಮೇಲೆ ಬಂದ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಇವರು ವಾಪಸ್ ಕರೆದರು! ಬಾಥಮ್ ಜೊತೆ ಅವರ ಜೊತೆಯಾಟ 171 ರನ್ನಿಗೆ ಹೋಯಿತು. 10 ವಿಕೆಟ್‌ನಿಂದ ಸೋತೆವು. ಕ್ಯಾಪ್ಟನ್ ಆದವರು ತಂಡದ ಕಡೆ ನೋಡಬೇಕಲ್ವಾ?

ದೊಡ್ಡಪ್ಪ: ಅವರು ಸ್ಲಿಪ್‌ನಲ್ಲೇ ನಿಂತಿದ್ದರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಸುಮ್ನೆ ಇರಬೇಕಿತ್ತಾ? ಬಾಥಮ್ ಶತಕ ಹೊಡೆದು 13 ವಿಕೆಟ್ ತೆಗೆದರು. ಸೋಲನ್ನು ತಂದು ವಿಶಿ ತಲೆಗೆ ಕಟ್ಟಬೇಡ.

ಚಿಕ್ಕಪ್ಪ: ಸರಿ ಅಣ್ಣಯ್ಯ, ತಪ್ಪು ಅನ್ನಲ್ಲ. ಹೊಟ್ಟೆ ಉರಿ ಮಾತ್ರ ಇನ್ನೂ ಆರಿಲ್ಲ.

ಅಣ್ಣ: ಈಗ ಅವರ ಸ್ಕ್ವೇರ್ ಕಟ್ ವಿಡಿಯೊ ನೋಡಿದೆ. ಚೆಂಡು ಕೀಪರ್ ಕೈಗೆ ಹೋಯಿತು ಅಂದುಕೊಂಡೆ. ಆಗ ಮಣಿಕಟ್ಟು ತಿರುಗಿತು ಅಷ್ಟೇ, ಪಾಯಿಂಟ್‌ನಲ್ಲಿದ್ದವನು ಕದಲಲೂ ಇಲ್ಲ. ನಾಲ್ಕು ಸಲ ಹಾಕಿ ನೋಡಿದೆ. ದೊಡ್ಡಪ್ಪ, ಪಟ್ಟಿಯಲ್ಲಿ ಬೌಲರ್ ಯಾರು, ಪಿಚ್ ಎಂಥದ್ದು ಅನ್ನೋ ಲೆಕ್ಕವೇ ಇಲ್ಲ. ಆ ಪಟ್ಟಿಯನ್ನೇ ಇಲ್ಲಿಂದ ತೆಗೆಯುತ್ತೇನೆ.

ದೊಡ್ಡಪ್ಪ: ಪಟ್ಟಿ ಇದ್ದರೆ ಇರಲಿ. ಆ ವಿಡಿಯೊ ಕಳಿಸು.