ಹಳೇ ಕಾಫಿ ಹೋಟೆಲಿನ ಚಿತ್ರಮಾಲೆ: ಪಟ್ಟೆ, ಹಬೆ, ಅನುಮತಿ, ಅಡಿಬರಹ

ಕೇಳಿದ್ದು

ಬಸವನಗುಡಿ ಕಡೆಯ ಹಳೇ ಕಾಫಿ ಹೋಟೆಲೊಂದರ ಬಗ್ಗೆ 10–12 ಫೋಟೋಗಳ ಚಿತ್ರಮಾಲೆ ಮಾಡಬೇಕೆಂದಿದೆ. ಆರು ಟೇಬಲ್ಲು, ಒಂದು ಗಲ್ಲಾ, ಪೂರ್ವಕ್ಕೆ ಬಾಗಿಲು, ಒಳಗೆಲ್ಲ ಟ್ಯೂಬ್‌ಲೈಟು. ಕೈಯಲ್ಲಿರುವುದು ಎಪಿಎಸ್‌-ಸಿ (ಫುಲ್‌ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಮಿರರ್‌ಲೆಸ್ ಕ್ಯಾಮೆರಾ, 35 ಮಿ.ಮೀ. ಲೆನ್ಸು, ಒಂದು ಮೊಬೈಲು. ಸುಮ್ಮನೆ ತೆಗೆದು ನೋಡಿದ ಫೋಟೋಗಳಲ್ಲಿ ಅಡ್ಡಡ್ಡ ಮಸುಕು ಪಟ್ಟೆ ಬರುತ್ತಿದೆ, ಹಬೆ ಕಾಣುತ್ತಿಲ್ಲ, ಸ್ಟೀಲ್ ಲೋಟ ಬರೀ ಬಿಳಿಯಾಗಿ ಬರುತ್ತಿದೆ. ಇನ್ನೊಂದು, ಅಲ್ಲಿ ಕೂರುವವರ ಕಥೆ ಹೇಳುವ ಹಾಗೆ ತೆಗೆಯುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಸಮಾರಂಭಗಳ ಫೋಟೋ ತೆಗೆಯುವವರು

ಪಟ್ಟೆಗೆ ಕಾರಣ ಕರೆಂಟು ಸಾರ್. ನಮ್ಮ ಲೈನು 50 ಹರ್ಟ್ಸ್. ಚೋಕ್ ಹಾಕಿದ ಹಳೇ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಶಟರ್ ವೇಗ 1/100 ಅಥವಾ 1/50 ಇಟ್ಟರೆ ಚಿತ್ರದ ಪ್ರತಿ ಸಾಲಿಗೂ ಪೂರ್ತಿ ಒಂದೋ ಎರಡೋ ಸುತ್ತಿನ ಬೆಳಕು ಸಿಗುತ್ತದೆ, ಪಟ್ಟೆ ಮಾಯ. 1/250ಕ್ಕೆ ಹೋದಿರೋ, ಕೆಲವು ಸಾಲಿಗೆ ಹೆಚ್ಚು, ಕೆಲವಕ್ಕೆ ಕಡಿಮೆ. ಯಾರಿಗೂ ತೊಂದರೆ ಬೇಡವೆಂದು ಸೈಲೆಂಟ್ ಮೋಡ್ ಹಾಕಿದ್ದೀರಾ? ಹಾಗಿದ್ದರೆ ಅದನ್ನು ತೆಗೆದುಬಿಡಿ. ಅದು ಎಲೆಕ್ಟ್ರಾನಿಕ್ ಶಟರ್, ಸೆನ್ಸರನ್ನು ಸಾಲುಸಾಲಾಗಿ ನಿಧಾನಕ್ಕೆ ಓದುತ್ತದೆ, ಪಟ್ಟೆ ಇನ್ನೂ ಎದ್ದು ಕಾಣುತ್ತದೆ. ಮೆಕ್ಯಾನಿಕಲ್ ಶಟರಿನ ‘ಕ್ಲಿಕ್’ ಕಾಫಿ ಹೋಟೆಲಿನ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಮೊಬೈಲಿನಲ್ಲಿ ಪ್ರೊ ಮೋಡ್‌ಗೆ ಹೋಗಿ ಕೈಯಾರೆ 1/100 ಇಡಿ.

ಟ್ಯೂಬ್‌ಲೈಟಿನ ಕೆಳಗೆ ಎಫ್/2.8, 1/100, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600 ಇಟ್ಟು ಶುರುಮಾಡಿ, ಮೂಲೆಯ ಟೇಬಲ್ಲಿಗೆ 3200. ನಾಯ್ಸ್, ಅಂದರೆ ಚಿತ್ರದಲ್ಲಿ ಕಾಳುಕಾಳು, ಬರುತ್ತದೆಂದು ಹೆದರಬೇಡಿ. ಕೈ ಅಲುಗಿ ಮಸುಕಾದದ್ದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ.

ಬಣ್ಣದ ರಗಳೆ ಬೇರೆ. ಬಾಗಿಲಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟೂ ನೀಲಿ), ಟ್ಯೂಬು 6500ರ ಹತ್ತಿರ, ಮೇಲಾಗಿ ತುಸು ಹಸಿರು, ದೇವರ ಪಟದ ಮುಂದಿನ ಬಲ್ಬು 2700. ಒಂದೇ ವೈಟ್ ಬ್ಯಾಲೆನ್ಸಿನಿಂದ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಿಕೆ) ಮೂರನ್ನೂ ಒಟ್ಟಿಗೆ ಸರಿಮಾಡಲು ಆಗದು. ಬಾಗಿಲ ಹತ್ತಿರದ ಒಂದು ಟ್ಯೂಬನ್ನು ಹತ್ತು ನಿಮಿಷ ಆರಿಸಲು ಕೇಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ರಾ ಫೈಲಿನಲ್ಲೇ (ಆಮೇಲೆ ಬಣ್ಣ ತಿದ್ದಲು ಬರುವ ಕಚ್ಚಾ ಫೈಲು) ತೆಗೆಯಿರಿ. ಆಟೊ ವೈಟ್ ಬ್ಯಾಲೆನ್ಸ್ ಬೇಡ, ಒಂದೊಂದು ಫೋಟೋಗೂ ಕಾಫಿಯ ಬಣ್ಣ ಬದಲಾಗುತ್ತದೆ.

ಹಬೆ ಎದುರು ಬೆಳಕಿಗೆ ಮಾತ್ರ ಕಾಣುವುದು. ಅಂದರೆ ಬೆಳಕು ಲೋಟದ ಹಿಂದಿನಿಂದ ಅಥವಾ ಓರೆಯಾಗಿ ಪಕ್ಕದಿಂದ ಬರಬೇಕು, ಹಬೆಯ ಹಿನ್ನೆಲೆ ಕಪ್ಪಗಿರಬೇಕು. ನಿಮ್ಮದು ಪೂರ್ವದ ಬಾಗಿಲು, ಬೆಳಗಿನ ಬೆಳಕು ಅಲ್ಲಿಂದಲೇ ಬರುತ್ತದೆ, ಅದೃಷ್ಟ. ಒಳಗೆ ನಿಂತು ಬಾಗಿಲ ಕಡೆ ಮುಖ ಮಾಡಿ, ಆದರೆ ಬಾಗಿಲು ಚೌಕಟ್ಟಿನೊಳಗೆ ಬಾರದಂತೆ ಸ್ವಲ್ಪ ಸರಿದು, ಲೋಟದ ಹಿಂದೆ ನೆರಳಿನ ಗೋಡೆ ಬರುವ ಹಾಗೆ ನೋಡಿಕೊಳ್ಳಿ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕಿಳಿಸಿ. ತಲೆಯ ಮೇಲಿನ ಫ್ಯಾನು ತಿರುಗುತ್ತಿದ್ದರೆ ಇಷ್ಟೆಲ್ಲ ಮಾಡಿಯೂ ಹಬೆ ಸಿಗದು.

ಎತ್ತಿ ಸುರಿಯುವ ಕಾಫಿಗೆ ಲೆಕ್ಕ ಹೀಗೆ: ಅರ್ಧ ಮೀಟರ್ ಬಿದ್ದ ಕಾಫಿಯ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. 1/500ರಲ್ಲಿ ಅದು 6 ಮಿ.ಮೀ. ಸರಿಯುತ್ತದೆ, ಹನಿಗಳು ಬಿಡಿಬಿಡಿಯಾಗಿ ಕಾಣುತ್ತವೆ. 1/50ರಲ್ಲಿ 6 ಸೆಂ.ಮೀ., ನಯವಾದ ಕಂದು ದಾರ. ಟ್ಯೂಬ್‌ಲೈಟಿನ ಕೆಳಗೆ 1/500 ಇಡುವಂತಿಲ್ಲ, ಪಟ್ಟೆ ಬರುತ್ತದೆಂದು ಹೇಳಿಯಾಯಿತು. ಹನಿಗಳೇ ಬೇಕೆಂದರೆ ಬಾಗಿಲ ಬೆಳಕಿಗೆ ಬಂದು ಸುರಿಯಲು ಕೇಳಬೇಕು. ದಾರವೇ ಚೆಂದ ಅನ್ನುವುದು ನನ್ನ ಪಕ್ಷಪಾತ.

35 ಮಿ.ಮೀ. ಲೆನ್ಸಿನ ನೋಟ ನಿಮ್ಮ ಕ್ಯಾಮೆರಾದಲ್ಲಿ ಫುಲ್‌ಫ್ರೇಮ್ ಕ್ಯಾಮೆರಾದ 52 ಮಿ.ಮೀ. ಲೆನ್ಸಿನಷ್ಟು ಬಿಗಿ. ಆರು ಟೇಬಲ್ಲೂ ಒಂದೇ ಚಿತ್ರದಲ್ಲಿ ಬರುವುದಿಲ್ಲ. ಅದಕ್ಕೆ ಮೊಬೈಲಿನ ಮುಖ್ಯ ಕ್ಯಾಮೆರಾ ಸಾಕು, 0.5ರ ಅತಿ ಅಗಲದ ಲೆನ್ಸು ಬೇಡ. ಅದರಲ್ಲಿ ಅಂಚಿಗೆ ಕೂತವರ ತಲೆ ಎಳೆದಂತಾಗುತ್ತದೆ, ಮಂದ ಬೆಳಕಿನಲ್ಲಿ ವಿವರವೂ ಕಲಸಿಹೋಗುತ್ತದೆ.

ಇನ್ನೊಬ್ಬರು

ಲೋಟದ ಬಗ್ಗೆ ಮಾತ್ರ. ಸ್ಟೀಲು ಕನ್ನಡಿ, ಎದುರಿಗಿರುವುದನ್ನೇ ತೋರಿಸುತ್ತದೆ. ಎದುರಿಗೆ ಟ್ಯೂಬ್ ಇದ್ದರೆ ಬಿಳಿ ಗೆರೆ, ನೀವಿದ್ದರೆ ನೀವು. ಬಿಳಿ ಅಂಗಿ ಹಾಕಿ ಹೋಗಬೇಡಿ. ಡವರಾ-ಲೋಟವನ್ನು ಒಂದಿಷ್ಟು ತಿರುಗಿಸಿ, ಇಲ್ಲವೇ ನೀವೇ ಅರ್ಧ ಹೆಜ್ಜೆ ಸರಿಯಿರಿ, ಗೆರೆ ಅಂಚಿಗೆ ಹೋಗುತ್ತದೆ. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಖರೀದಿಸಬೇಡಿ. ಲೋಹದ ನೇರ ಪ್ರತಿಫಲನವನ್ನು ಅದು ತಡೆಯುವುದಿಲ್ಲ, ಸುಮ್ಮನೆ ಒಂದೂವರೆ ಸ್ಟಾಪ್ ಬೆಳಕು ನುಂಗುತ್ತದೆ.

ಹೋಟೆಲ್ ನಡೆಸುವವರು

ಮೇಲಿನವರು ಬೆಳಗಿನ ಬೆಳಕು ಅಂದರು. ಬೆಳಿಗ್ಗೆ 7ರಿಂದ 9.30ರವರೆಗೆ ನಮಗೆ ಉಸಿರಾಡಲೂ ಪುರುಸೊತ್ತಿಲ್ಲ ಸ್ವಾಮಿ. ಆ ಹೊತ್ತಿಗೆ ಬರುವುದಾದರೆ ಒಂದೇ ಕಡೆ ನಿಲ್ಲಿ. ಗಲ್ಲಾ ಮತ್ತು ಅಡುಗೆಮನೆಯ ನಡುವಿನ ದಾರಿ ಸಪ್ಲೈಯರ್‌ಗಳದ್ದು, ಅಲ್ಲಿ ಟ್ರೈಪಾಡ್ ನಿಲ್ಲಿಸಿದರೆ ಸಾಂಬಾರು ಯಾರದಾದರೂ ಮೈಮೇಲೆ ಬೀಳುತ್ತದೆ. ಕುದಿಯುವ ಹಾಲು ಎತ್ತುವವರ ಮುಖಕ್ಕೆ ಫ್ಲ್ಯಾಶ್ ಹೊಡೆಯಲೇಬೇಡಿ.

ಡಿಕಾಕ್ಷನ್ ಇಳಿಸುವುದು ಬಾಗಿಲು ತೆಗೆಯುವ ಮುಂಚೆ. ಅದು ಬೇಕಿದ್ದರೆ ಹಿಂದಿನ ದಿನವೇ ಹೇಳಿ, ಐದೂವರೆಗೆಲ್ಲ ಬನ್ನಿ. ಪುಡಿ ಹಾಕುವುದು, ಕುದಿನೀರು ಹೊಯ್ಯುವುದು, ಮೊದಲ ಗಟ್ಟಿ ಡಿಕಾಕ್ಷನ್ ಹನಿಹನಿಯಾಗಿ ಇಳಿಯುವುದು ಎಲ್ಲ ಆಗ ಮಾತ್ರ ಸಿಗುತ್ತದೆ. ಚಳಿಗಾಲದಲ್ಲಿ ಹೊರಗಿನಿಂದ ನೇರ ಅಡುಗೆಮನೆಗೆ ಬಂದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಚೀಲದ ಜಿಪ್ ತೆಗೆಯದೆ ಕಾಲು ಗಂಟೆ ಒಳಗೇ ಇಟ್ಟಿರಿ. ಒಗ್ಗರಣೆಯ ಹತ್ತಿರ ನಿಂತರೆ ಎಣ್ಣೆಯ ಪದರವೂ ಕೂರುತ್ತದೆ. ಅಂಗಿಯ ಚುಂಗಿನಿಂದ ಉಜ್ಜದೆ ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ. ಮಧ್ಯಾಹ್ನ ಎರಡೂವರೆಯಿಂದ ಮೂರೂವರೆ ಖಾಲಿ ಹೊತ್ತು. ಟ್ಯೂಬ್ ಆರಿಸಿ, ಫ್ಯಾನ್ ನಿಲ್ಲಿಸಿ ಎಂದೆಲ್ಲ ಕೇಳುವುದು ಆಗ.

ಮಾಲೀಕರು ಹೂಂ ಅಂದಾಕ್ಷಣ ಎಲ್ಲರೂ ಹೂಂ ಅಂದಂತಲ್ಲ. ಕ್ಲೀನರ್, ಸಪ್ಲೈಯರ್ ಒಬ್ಬೊಬ್ಬರನ್ನೂ ಕೇಳಿ, ಅದೂ ಮಾಲೀಕರು ಎದುರಿಗೆ ಇಲ್ಲದಾಗ. ಊರಲ್ಲಿ ಬೇರೆ ಕೆಲಸ ಅಂತ ಹೇಳಿಕೊಂಡು ಬಂದವರು ಇರುತ್ತಾರೆ. ಅಂಥವರ ಕೈ ಮಾತ್ರ ತೆಗೆಯಿರಿ.

ಪತ್ರಿಕೆಯ ಫೋಟೋ ವಿಭಾಗದವರು

ಕಥೆಯ ಪ್ರಶ್ನೆಗೆ ಬರುತ್ತೇನೆ. ಚಿತ್ರ ಸೂಚಿಸಬಹುದು, ಅಡಿಬರಹ ಊಹಿಸಬಾರದು. ಕಿಟಕಿ ಪಕ್ಕ ಒಬ್ಬ ಹಿರಿಯರು, ಎದುರಿಗೆ ಖಾಲಿ ಕುರ್ಚಿ. ನೋಡುವವರು ಏನು ಬೇಕಾದರೂ ಅಂದುಕೊಳ್ಳಲಿ. ‘ಗೆಳೆಯನನ್ನು ಕಳೆದುಕೊಂಡು ಒಂಟಿಯಾದ ಹಿರಿಯ’ ಎಂದು ನೀವು ಬರೆದಿರೋ, ಅದು ಸುಳ್ಳು. ಅವರ ಸ್ನೇಹಿತ ಕೈ ತೊಳೆಯಲು ಹೋಗಿರಬಹುದು. ಬೇಕಿದ್ದರೆ ಹೋಗಿ ಮಾತಾಡಿಸಿ, ಅವರು ಹೇಳಿದ್ದನ್ನು ಬರೆಯಿರಿ, ಹೆಸರು ಹಾಕಬಹುದೇ ಎಂದೂ ಕೇಳಿ. ಮಾತಾಡಿಸಲು ಸಂಕೋಚವಾದರೆ ಕಂಡಷ್ಟೇ ಬರೆಯಿರಿ.

ಮುಖಗಳಿಗಿಂತ ಬಳಕೆಯ ಗುರುತುಗಳು ಹೆಚ್ಚು ಮಾತಾಡುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಕೈ ಊರಿ ಊರಿ ಸವೆದ ಕಲ್ಲಿನ ಅಂಚು, ದರ ತಿದ್ದಿ ತಿದ್ದಿ ಬಣ್ಣ ದಪ್ಪವಾದ ಬೋರ್ಡು, ನಾಲ್ಕು ಜನರ ನಡುವೆ ಹಾಳೆಹಾಳೆಯಾಗಿ ಹಂಚಿಹೋದ ಒಂದೇ ಪೇಪರು. ಬೈ-ಟು ಕಾಫಿ ಸಿಕ್ಕರೆ ಬಿಡಲೇಬೇಡಿ. ಎರಡು ಲೋಟ, ಎರಡರಲ್ಲೂ ಅರ್ಧರ್ಧ, ಮೇಜಿನ ಮೇಲೆ ಎರಡು ಜೊತೆ ಕೈ. ಅದಕ್ಕೆ ಅಡಿಬರಹವೇ ಬೇಡ. ಅದನ್ನು ಮೇಲಿನಿಂದ ತೆಗೆಯಿರಿ, ಇಲ್ಲದಿದ್ದರೆ ಅರ್ಧ ಲೋಟ ಅನ್ನುವುದು ಗೊತ್ತೇ ಆಗದು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ತೋಳುದ್ದ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಸಪ್ಲೈಯರ್ ಚಿತ್ರವನ್ನು ಊರೆಲ್ಲ ತೆಗೆದಾಗಿದೆ. ನಿಮ್ಮ ಹೋಟೆಲಿನಲ್ಲಿ ಅದರ ತದ್ರೂಪು ಹುಡುಕಬೇಡಿ. ಕಪ್ಪು-ಬಿಳುಪಿಗೂ ತಿರುಗಿಸಬೇಡಿ, ಕಾಫಿಯ ಬಣ್ಣ ತೆಗೆದ ಮೇಲೆ ಉಳಿಯುವುದೇನು? ಚಿಕೋರಿ ಎಷ್ಟು ಪಾಲು ಎಂದು ಕೇಳಿಟ್ಟುಕೊಳ್ಳಿ, ಅದು ಹೆಚ್ಚಿದಷ್ಟೂ ಡಿಕಾಕ್ಷನ್ ಕಪ್ಪು. ಅಡಿಬರಹಕ್ಕೂ ಒಳ್ಳೆಯ ವಿವರ.

ಇಸವಿಗಳ ವಿಷಯದಲ್ಲಿ ಜಾಗ್ರತೆ. ‘ಬ್ರಿಟಿಷರ ಕಾಲದ್ದು’ ಎಂದು ಯಾರೋ ಹೇಳಿದ್ದು ಹಾಗೇ ಅಚ್ಚಾಗಿಬಿಡುತ್ತದೆ. ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸನ್ನೇ ನೋಡಿ. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ನೌಕರರು ಕಟ್ಟಿಕೊಂಡ ಮೊದಲ ಸಹಕಾರ ಸಂಘ ಬೆಂಗಳೂರಿನದು, 1957ರ ಆಗಸ್ಟ್. ಈ ಕಾಫಿ ಹೌಸ್ ಎಂ.ಜಿ. ರಸ್ತೆಯಿಂದ ಚರ್ಚ್ ಸ್ಟ್ರೀಟಿಗೆ ಬಂದದ್ದು 2009ರಲ್ಲಿ. ಅಲ್ಲಿನ ಕುರ್ಚಿಯ ಫೋಟೋ ಹಾಕಿ ‘ಇದೇ ಜಾಗದಲ್ಲಿ ಅರ್ಧ ಶತಮಾನ’ ಎಂದು ಬರೆದರೆ ತಪ್ಪು. ಬೋರ್ಡಿನ ಮೇಲಿನ ಇಸವಿ, ಹಳೇ ಲೈಸೆನ್ಸು, ಮಾಲೀಕರ ಮಾತು, ಇವುಗಳಲ್ಲಿ ಎರಡಾದರೂ ಹೊಂದಬೇಕು.

12ರಲ್ಲಿ ಬೀದಿಯಿಂದ ಒಂದು, ಒಳಗಿನ ಪೂರ್ತಿ ನೋಟ ಒಂದು ಸಾಕು. ಉಳಿದದ್ದರಲ್ಲಿ ಅರ್ಧದಷ್ಟಾದರೂ ಎರಡಡಿ ಒಳಗಿನ ಹತ್ತಿರದ ಚಿತ್ರಗಳಿರಲಿ. ಒಂದೇ ದೂರದಿಂದ ತೆಗೆದ 12 ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮೂರನೆಯದಕ್ಕೇ ಬೇಸರ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಒಂದೇ ಉಳಿದಿದೆ: ನೊರೆ. ಫೋಕಸ್ ಮಾಡುವಷ್ಟರಲ್ಲಿ ಇಳಿದುಹೋಗುತ್ತದೆ.

ಹೋಟೆಲ್ ನಡೆಸುವವರು

ಖಾಲಿ ಡವರಾ-ಲೋಟ ಮೊದಲೇ ತರಿಸಿ, ಅದರ ಬಾಯಿಗೆ ಫೋಕಸ್ ಮಾಡಿ, ಮ್ಯಾನುವಲ್‌ಗೆ ಹಾಕಿಡಿ. ಆಮೇಲೆ ಕಾಫಿಗೆ ಹೇಳಿ. ಅದೇ ಜಾಗದಲ್ಲಿ ಲೋಟ ಬದಲಾಯಿಸಿ, ತಕ್ಷಣ ಐದಾರು ತೆಗೆಯಿರಿ. ಒಂದು ನಿಮಿಷ ದಾಟಿದರೆ ನೊರೆ ಕೂತು ಮೇಲೆ ಕೆನೆ ಕಟ್ಟುತ್ತದೆ. ತಣ್ಣಗಾದದ್ದನ್ನು ಮತ್ತೆ ಎತ್ತಿ ಸುರಿದರೆ ನೊರೆ ಬರುತ್ತದೆ, ಹಬೆ ಬರುವುದಿಲ್ಲ. ಎರಡೂ ಬೇಕಿದ್ದರೆ ಇನ್ನೊಂದು ಕಾಫಿಗೆ ಹೇಳಿ, ಬಿಲ್ ಕೊಡಿ.